ಬೆಟ್ಟದೊಳಗಿನ ನೀರು: ಬಿಟ್ಟುಹೋದ ಚಿನ್ನದ ಗಣಿ ನದಿಯನ್ನು ಕೆಡಿಸುವ ಬಗೆ

2015ರ ಆಗಸ್ಟ್ 5ರ ಬೆಳಿಗ್ಗೆ ಅಮೆರಿಕದ ಕೊಲರಾಡೊ ರಾಜ್ಯದ ಸ್ಯಾನ್ ಹುವಾನ್ ಪರ್ವತಗಳಲ್ಲಿ, 11,000 ಅಡಿಗೂ ಮೇಲೆ, ಹಳೆಯ ಚಿನ್ನದ ಗಣಿಯೊಂದರ ಬಾಯಿ ಒಡೆಯಿತು. ಗೋಲ್ಡ್ ಕಿಂಗ್ ಎಂಬ ಆ ಗಣಿಯಲ್ಲಿ ಕೆಲಸ ನಿಂತು ದಶಕಗಳೇ ಆಗಿದ್ದವು. ಒಳಗೆ ತುಂಬಿಕೊಂಡಿದ್ದ ಸುಮಾರು 1.1 ಕೋಟಿ ಲೀಟರ್ ಆಮ್ಲೀಯ ನೀರು ಕೆಲವು ಗಂಟೆಗಳಲ್ಲಿ ಕೆಳಗಿನ ಸಿಮೆಂಟ್ ಕ್ರೀಕ್ ಎಂಬ ತೊರೆಗೆ ನುಗ್ಗಿ, ಸಿಲ್ವರ್ಟನ್ ಊರಿನ ಬಳಿ ಆನಿಮಸ್ ನದಿಗೆ ಸೇರಿತು. ಮರುದಿನ ಸಂಜೆಗೆ ಡುರಾಂಗೋ ಪಟ್ಟಣದಲ್ಲಿ ನದಿ ಪೂರ್ತಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ನೀರು ನ್ಯೂ ಮೆಕ್ಸಿಕೊ ದಾಟಿ, ನವಾಹೋ ಜನರ ನೆಲದ ಮೂಲಕ ಹರಿದು, ಯೂಟಾ ರಾಜ್ಯದ ಲೇಕ್ ಪೊವೆಲ್ ಜಲಾಶಯದವರೆಗೆ ಹೋಯಿತು.

ಗಣಿಯ ಬಾಯಿ ಒಡೆದದ್ದು ಭೂಕಂಪದಿಂದಲ್ಲ, ಮಳೆಯಿಂದಲೂ ಅಲ್ಲ. ಅಲ್ಲಿ ಜೆಸಿಬಿಯಂಥ ಯಂತ್ರದಲ್ಲಿ ಮಣ್ಣು ಸರಿಸುತ್ತಿದ್ದವರು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ತಂಡದವರು. ಗಣಿಯಿಂದ ಸೋರುತ್ತಿದ್ದ ನೀರನ್ನು ಹತೋಟಿಗೆ ತರುವುದು ಹೇಗೆಂದು ನೋಡಲೆಂದೇ ಅವರು ಬಂದಿದ್ದರು.

ಆಗ ಜಗತ್ತಿನ ಪತ್ರಿಕೆಗಳೆಲ್ಲ ಆ ಕಿತ್ತಳೆ ನದಿಯ ಚಿತ್ರ ಹಾಕಿದವು. ಚಿತ್ರ ನಿಜವೇ. ಆದರೆ ಆ ಒಂದು ದಿನದ ಅನಾಹುತಕ್ಕಿಂತ ದೊಡ್ಡ ಸಂಗತಿ ಆ ಬೆಟ್ಟದೊಳಗೆ ನೂರು ವರ್ಷಗಳಿಂದ ನಡೆಯುತ್ತಿತ್ತು, ಈಗಲೂ ನಡೆಯುತ್ತಿದೆ. ಕೆಲಸ ನಿಂತ ಗಣಿಯಲ್ಲಿ ಬಂಡೆ, ಗಾಳಿ, ನೀರು ಸೇರಿ ಏನು ಮಾಡುತ್ತವೆ ಎಂಬುದು ಗೊತ್ತಾಗದೆ ಈ ಕಥೆ ಅರ್ಥವಾಗುವುದಿಲ್ಲ.

ಚಿನ್ನದ ಜೊತೆಗೆ ಬರುವ ಗಂಧಕ

ಸ್ಯಾನ್ ಹುವಾನ್ ಪರ್ವತಗಳು ಜ್ವಾಲಾಮುಖಿಯಿಂದ ಹುಟ್ಟಿದವು. ಸುಮಾರು 2.8 ಕೋಟಿ ವರ್ಷಗಳ ಹಿಂದೆ ಇಲ್ಲಿ ಭಾರಿ ಜ್ವಾಲಾಮುಖಿಗಳು ಸಿಡಿದು, ಒಳಗಿನ ಶಿಲಾರಸ ಖಾಲಿಯಾಗಿ, ನೆಲವೇ ಕುಸಿದು ದೊಡ್ಡ ಬಟ್ಟಲಿನಾಕಾರದ ತಗ್ಗುಗಳಾದವು. ಕುಸಿದ ನೆಲದ ಸುತ್ತ ಬಿರುಕುಗಳೆದ್ದವು. ಆಮೇಲೆ ಲಕ್ಷಾಂತರ ವರ್ಷಗಳ ಕಾಲ ಭೂಮಿಯ ಆಳದಿಂದ ಬಿಸಿನೀರು ಈ ಬಿರುಕುಗಳಲ್ಲಿ ಮೇಲೇರಿತು. ಆ ನೀರಿನಲ್ಲಿ ಕರಗಿದ್ದ ಲೋಹಗಳು ಮೇಲೇರುತ್ತ ತಣ್ಣಗಾದಂತೆ ಬಿರುಕಿನ ಗೋಡೆಗಳಿಗೆ ಕಟ್ಟಿಕೊಂಡವು. ಬೆಣಚುಕಲ್ಲಿನ ಪಟ್ಟಿಗಳಲ್ಲಿ ಚಿನ್ನ, ಬೆಳ್ಳಿ, ಸೀಸ, ಸತು, ತಾಮ್ರ ಎಲ್ಲವೂ ಬಂದದ್ದು ಹೀಗೆ.

ಇವುಗಳಲ್ಲಿ ಚಿನ್ನ ಬಹಳ ಕಡಿಮೆ. ಹೆಚ್ಚಾಗಿ ಇರುವುದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಹಳದಿ ಹೊಳಪಿನ ಖನಿಜ. ನೋಡಲು ಚಿನ್ನದಂತೆ ಮಿನುಗುವುದರಿಂದ ಇದನ್ನು ಮೂರ್ಖರ ಚಿನ್ನ ಎನ್ನುವುದುಂಟು. ಗಣಿಯವರಿಗೆ ಇದು ಬೇಡದ ವಸ್ತು. ಚಿನ್ನವಿದ್ದ ಅದಿರನ್ನು ಹೊರಗೆ ಸಾಗಿಸಿ, ಪೈರೈಟ್ ತುಂಬಿದ ಕಲ್ಲನ್ನು ಗಣಿಯ ಬಾಯಿಯಲ್ಲೇ ಸುರಿದರು; ಗೋಡೆಗಳಲ್ಲಿದ್ದದ್ದು ಗೋಡೆಗಳಲ್ಲೇ ಉಳಿಯಿತು.

ಬಂಡೆಯೊಳಗೆ ಗಾಳಿ ತಾಗದಂತೆ ಹುದುಗಿರುವವರೆಗೆ ಪೈರೈಟ್ ಏನನ್ನೂ ಮಾಡುವುದಿಲ್ಲ. ಸುರಂಗ ಕೊರೆದೊಡನೆ ಅದಕ್ಕೆ ಗಾಳಿ ಸಿಗುತ್ತದೆ, ಬಿರುಕುಗಳಿಂದ ಜಿನುಗುವ ನೀರೂ ಸಿಗುತ್ತದೆ. ಪೈರೈಟ್, ಆಮ್ಲಜನಕ, ನೀರು ಮೂರೂ ಕೂಡಿದಾಗ ಗಂಧಕವು ಸಲ್ಫ್ಯೂರಿಕ್ ಆಮ್ಲವಾಗುತ್ತದೆ, ಕಬ್ಬಿಣ ಕರಗಿ ನೀರಿಗೆ ಇಳಿಯುತ್ತದೆ. ಇಷ್ಟೇ ಆಗಿದ್ದರೆ ಕೆಲಸ ನಿಧಾನವಾಗಿ ಸಾಗುತ್ತಿತ್ತು. ಕರಗಿದ ಕಬ್ಬಿಣ ಇನ್ನಷ್ಟು ಆಮ್ಲಜನಕದೊಂದಿಗೆ ಸೇರಿ ಇನ್ನೊಂದು ರೂಪಕ್ಕೆ ಬದಲಾಗುತ್ತದೆ. ಆ ಹೊಸ ರೂಪದ ಕಬ್ಬಿಣಕ್ಕೆ ಪೈರೈಟನ್ನು ಒಡೆಯಲು ಆಮ್ಲಜನಕವೂ ಬೇಕಿಲ್ಲ. ಅದೇ ಪೈರೈಟಿನ ಮೇಲೆ ಬೀಳುತ್ತದೆ, ಮತ್ತಷ್ಟು ಆಮ್ಲ ಹುಟ್ಟುತ್ತದೆ, ಮತ್ತಷ್ಟು ಕಬ್ಬಿಣ ಕರಗುತ್ತದೆ. ತನ್ನನ್ನು ತಾನೇ ಮುಂದಕ್ಕೆ ತಳ್ಳಿಕೊಳ್ಳುವ ಸುತ್ತು ಇದು.

ಈ ಸುತ್ತಿಗೆ ವೇಗ ಕೊಡುವುದು ಬ್ಯಾಕ್ಟೀರಿಯಾ. ಬೇರೆ ಜೀವಿಗಳು ಸಾಯುವಷ್ಟು ಹುಳಿ ನೀರಿನಲ್ಲಿ ಸುಖವಾಗಿ ಬದುಕುವ ಕೆಲವು ಸೂಕ್ಷ್ಮಜೀವಿಗಳಿವೆ. ಕಬ್ಬಿಣವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಿ, ಅದರಿಂದ ಸಿಗುವ ಶಕ್ತಿಯಲ್ಲಿ ಅವು ಬಾಳುತ್ತವೆ. ಬಿಸಿಲು ಬೇಡ, ಸೊಪ್ಪು ಬೇಡ, ಕತ್ತಲೆಯ ಸುರಂಗವೇ ಸಾಕು. ಹುಳಿ ನೀರಿನಲ್ಲಿ ತನ್ನಷ್ಟಕ್ಕೆ ವರ್ಷಗಟ್ಟಲೆ ಹಿಡಿಯಬಹುದಾದ ಕಬ್ಬಿಣದ ಬದಲಾವಣೆಯನ್ನು ಅವು ಲಕ್ಷಾಂತರ ಪಟ್ಟು ಬೇಗ ಮುಗಿಸುತ್ತವೆ.

ನೀರು ಒಮ್ಮೆ ಹುಳಿಯಾದ ಮೇಲೆ ಅಕ್ಕಪಕ್ಕದ ಖನಿಜಗಳನ್ನೂ ಕರಗಿಸಿಕೊಳ್ಳುತ್ತದೆ. ಸತು, ತಾಮ್ರ, ಕ್ಯಾಡ್ಮಿಯಂ, ಸೀಸ, ಆರ್ಸೆನಿಕ್, ಅಲ್ಯೂಮಿನಿಯಂ ಎಲ್ಲ ಅದರೊಳಗೆ ಸೇರುತ್ತವೆ. ನದಿಗೆ ನಿಜವಾಗಿ ಕೇಡು ಮಾಡುವುದು ಇವೇ. ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ ಕಬ್ಬಿಣದ್ದು. ಸತು ಮತ್ತು ಕ್ಯಾಡ್ಮಿಯಂ ಕರಗಿದ ನೀರು ತಿಳಿಯಾಗಿಯೇ ಕಾಣುತ್ತದೆ. ಟ್ರೌಟ್ ಮೀನಿನ ಕಿವಿರುಗಳನ್ನು ಸತು ಹಾಳುಮಾಡುತ್ತದೆ. ಮೀನಿಗೆ ಆಹಾರವಾದ ನೀರುಹುಳುಗಳು ಅದಕ್ಕೂ ಮೊದಲೇ ಕಾಣೆಯಾಗುತ್ತವೆ. ಗಣಿಯ ನೀರು ಹೊರಗಿನ ಗಾಳಿಗೆ ಬಂದು, ತೊರೆಯ ನೀರಿನಲ್ಲಿ ಬೆರೆತು ಹುಳಿ ಕಡಿಮೆಯಾದಾಗ, ಕರಗಿದ ಕಬ್ಬಿಣ ತುಕ್ಕಿನ ಬಗ್ಗಡವಾಗಿ ಕಲ್ಲುಗಳ ಮೇಲೆ ಕೂರುತ್ತದೆ. ಆ ಬಗ್ಗಡ ತೊರೆಯ ತಳದ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ, ಮೊಟ್ಟೆಯಿಡಲು ಜಾಗವಿಲ್ಲದಂತಾಗುತ್ತದೆ.

ಎಲ್ಲ ಬೆಟ್ಟವೂ ಹೀಗೆ ಹುಳಿಯಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಬಂಡೆಯಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಹುಟ್ಟಿದ ಆಮ್ಲವನ್ನು ಅದು ಅಲ್ಲಲ್ಲೇ ಹೀರಿಬಿಡುತ್ತದೆ. ಮಲೆನಾಡಿನ ಅಡಿಕೆ ತೋಟದ ಹುಳಿ ಮಣ್ಣಿಗೆ ಸುಣ್ಣ ಹಾಕಿದಾಗ ನಡೆಯುವುದೇ ಇಲ್ಲಿ ಬಂಡೆಯೊಳಗೆ ನಡೆಯುತ್ತದೆ. ಸಿಲ್ವರ್ಟನ್ ಸುತ್ತಲಿನ ಹಲವು ಇಳಿಜಾರುಗಳಲ್ಲಿ ಬಿಸಿನೀರು ಬಂಡೆಯ ಆ ಗುಣವನ್ನೇ ತೊಳೆದುಹಾಕಿದೆ. ಗಣಿ ಬರುವ ಮೊದಲೂ ಅಲ್ಲಿನ ಕೆಲವು ತೊರೆಗಳು ಹುಳಿಯಾಗಿಯೇ ಹರಿಯುತ್ತಿದ್ದವು. ಕಬ್ಬಿಣದ ಬಗ್ಗಡದಿಂದ ಅಂಟಿ ಗಟ್ಟಿಯಾದ ಜಲ್ಲಿಯ ಹಾಸುಗಳನ್ನು ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯವರು ಅಳೆದು, ಅವು ಸಾವಿರಾರು ವರ್ಷ ಹಳೆಯವು ಎಂದು ತೋರಿಸಿದ್ದಾರೆ. ಇದನ್ನೇ ಹಿಡಿದು, ಕೆಟ್ಟ ನೀರೆಲ್ಲ ಪ್ರಕೃತಿಯದೇ ಎಂದು ವಾದಿಸುವವರಿದ್ದಾರೆ. ಆ ಮಾತು ಒಪ್ಪುವಂಥದ್ದಲ್ಲ. ಬೆಟ್ಟದ ಮೈಯಲ್ಲಿ ತೆಳ್ಳಗೆ ನಡೆಯುತ್ತಿದ್ದ ಕೆಲಸಕ್ಕೆ ಗಣಿಗಾರಿಕೆ ಬೆಟ್ಟದ ಹೊಟ್ಟೆಯವರೆಗೆ ದಾರಿ ಮಾಡಿಕೊಟ್ಟಿತು.

ಅಡ್ಡ ಸುರಂಗ, ಆಳದ ಶಾಫ್ಟ್

ಚಿನ್ನದ ಗಣಿ ಎಂದೊಡನೆ ನಮಗೆ ನೆನಪಾಗುವುದು ಕೋಲಾರದ ಕೆಜಿಎಫ್. ಅದನ್ನು ಪಕ್ಕದಲ್ಲಿಟ್ಟು ನೋಡಿದರೆ ಬೆಟ್ಟದ ಗಣಿಯ ತೊಂದರೆ ಏನೆಂದು ಬೇಗ ತಿಳಿಯುತ್ತದೆ.

ಕೆಜಿಎಫ್ ಇರುವುದು ಬಯಲಿನಲ್ಲಿ. ಅಲ್ಲಿ ಚಿನ್ನದ ಪಟ್ಟಿಗಳನ್ನು ಹಿಂಬಾಲಿಸಿ ಶಾಫ್ಟುಗಳನ್ನು ನೇರ ಕೆಳಕ್ಕೆ ಇಳಿಸಿದರು. ಚಾಂಪಿಯನ್ ರೀಫ್ ಎಂಬ ಗಣಿ 3 ಕಿಲೋಮೀಟರಿಗೂ ಮೀರಿದ ಆಳಕ್ಕೆ ಹೋಯಿತು. ಅಲ್ಲಿ ನೀರು ಹೊರಗೆ ಬರಬೇಕಾದರೆ ಪಂಪ್ ಎತ್ತಬೇಕು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು, ಕಾಲಕ್ರಮದಲ್ಲಿ ಪಂಪುಗಳೂ ನಿಂತವು, ಒಂದರ ಕೆಳಗೊಂದಿದ್ದ ಸುರಂಗದ ಅಂತಸ್ತುಗಳಾದ ಲೆವೆಲ್‌ಗಳು ಒಂದೊಂದಾಗಿ ಮುಳುಗಿದವು. ಅಷ್ಟು ನೀರೂ ಒಳಗೇ ಇದೆ. ಚಾಂಪಿಯನ್ ಪಟ್ಟಿಯ ಬೆಣಚುಕಲ್ಲಿನಲ್ಲಿ ಗಂಧಕದ ಖನಿಜಗಳು ಕಡಿಮೆ. ಅದರ ಪಶ್ಚಿಮಕ್ಕಿರುವ ಓರಿಯೆಂಟಲ್ ಪಟ್ಟಿಗಳಲ್ಲಿ ಹೆಚ್ಚು. ಅಲ್ಲಿನ ಜನ ಇಂದಿಗೂ ಅನುಭವಿಸುತ್ತಿರುವ ಕಷ್ಟ ಮುಖ್ಯವಾಗಿ ನೆಲದ ಮೇಲಿನದು: ಸೈನೈಡ್ ದಿಬ್ಬಗಳೆಂದು ಊರವರು ಕರೆಯುವ, ಅದಿರು ಅರೆದು ಉಳಿದ 3 ಕೋಟಿ ಟನ್ನಿಗೂ ಹೆಚ್ಚು ಪುಡಿ, ಮತ್ತು ಗಾಳಿ ಬೀಸಿದಾಗ ಮನೆಮನೆಗೆ ಬರುವ ಅದರ ಧೂಳು.

ಬೆಟ್ಟದಲ್ಲಿ ಲೆಕ್ಕ ಬೇರೆ. ಕಣಿವೆಯ ಬದಿಯಿಂದ ಬೆಟ್ಟದ ಮಧ್ಯಕ್ಕೆ ಅಡ್ಡವಾಗಿ ಸುರಂಗ ಕೊರೆದರೆ ಅದಿರನ್ನು ಎತ್ತುವ ಕಷ್ಟವಿಲ್ಲ; ಹಳಿಯ ಮೇಲೆ ಗಾಡಿ ತಳ್ಳಿದರಾಯಿತು. ಹೊರಮುಖವಾಗಿ ಸ್ವಲ್ಪ ಇಳಿಜಾರು ಕೊಟ್ಟರೆ ನೀರೂ ತಾನಾಗಿ ಹರಿದುಹೋಗುತ್ತದೆ, ಪಂಪಿನ ಖರ್ಚು ಉಳಿಯುತ್ತದೆ. ಗಣಿ ನಡೆಯುವಷ್ಟು ದಿನ ಇದು ಬಹಳ ಜಾಣತನದ ಏರ್ಪಾಟು. ಗಣಿ ನಿಂತ ಮೇಲೂ ನೀರು ನಿಲ್ಲುವುದಿಲ್ಲ. ಪಂಪ್ ಇದ್ದಿದ್ದರೆ ಸ್ವಿಚ್ ಆರಿಸಬಹುದಿತ್ತು, ಇಳಿಜಾರಿಗೆ ಸ್ವಿಚ್ ಇಲ್ಲ. ಹಿಮ ಕರಗಿದ ನೀರು ಪ್ರತಿ ವರ್ಷ ಬಿರುಕುಗಳಲ್ಲಿ ಇಳಿಯುತ್ತದೆ, ಪೈರೈಟ್ ತುಂಬಿದ ಗೋಡೆಗಳನ್ನು ತೊಳೆಯುತ್ತದೆ, ಸುರಂಗದ ಬಾಯಿಂದ ತೊರೆಗೆ ಬೀಳುತ್ತದೆ. ಒಳಗಿನ ಪೈರೈಟ್ ಮುಗಿಯುವವರೆಗೆ ಇದು ಹೀಗೇ. ಮುಗಿಯಲು ಶತಮಾನಗಳೇ ಬೇಕು.

ಸಿಲ್ವರ್ಟನ್ ಸುತ್ತ ಇಂಥ ಸುರಂಗಗಳು ನೂರಾರು. 1873ರಲ್ಲಿ ಯೂಟ್ ಬುಡಕಟ್ಟಿನವರಿಂದ ಈ ಪರ್ವತಗಳನ್ನು ಒಪ್ಪಂದದ ಹೆಸರಿನಲ್ಲಿ ಬಿಡಿಸಿಕೊಂಡದ್ದೇ ಗಣಿಗಾಗಿ. ಅದಕ್ಕೂ ಒಂದು ವರ್ಷ ಮೊದಲು, 1872ರಲ್ಲಿ, ಅಮೆರಿಕದ ಸಂಸತ್ತು ಮಾಡಿದ ಗಣಿ ಕಾಯ್ದೆಯ ಪ್ರಕಾರ ಸರ್ಕಾರಿ ನೆಲದಲ್ಲಿ ಯಾರು ಖನಿಜ ಕಂಡರೂ ಗೂಟ ನೆಟ್ಟು ಹಕ್ಕು ಸಾಧಿಸಬಹುದಿತ್ತು. ತೆಗೆದ ಚಿನ್ನಕ್ಕೆ ಸರ್ಕಾರಕ್ಕೆ ರಾಯಧನವಿಲ್ಲ. ಕೆಲಸ ಮುಗಿದ ಮೇಲೆ ಜಾಗವನ್ನು ಸರಿಪಡಿಸಬೇಕೆಂಬ ಮಾತು ಅದರಲ್ಲಿ ಇರಲೇ ಇಲ್ಲ. ರಾಯಧನವಿಲ್ಲದ ಆ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಗೋಲ್ಡ್ ಕಿಂಗ್‌ಗೆ ಓಲಾಫ್ ನೆಲ್ಸನ್ ಎಂಬ ಗಣಿಗಾರ ಗೂಟ ನೆಟ್ಟದ್ದು 1887ರಲ್ಲಿ. ಆತ ಸತ್ತ ಮೇಲೆ ಅದು ಬೇರೆಯವರ ಕೈ ಸೇರಿ, 1900ರ ಆಸುಪಾಸಿನಲ್ಲಿ ಆ ಪ್ರದೇಶದ ದೊಡ್ಡ ಗಣಿಗಳಲ್ಲಿ ಒಂದಾಯಿತು. 1920ರ ದಶಕದಲ್ಲಿ ದೊಡ್ಡ ಮಟ್ಟದ ಕೆಲಸ ನಿಂತಿತು.

ಗಣಿಯವರ ಬಳಿ ಅದಿರು ಅರೆಯುವ ಗಿರಣಿಗಳಿದ್ದವು. 1930ರ ದಶಕದ ನಡುವಿನವರೆಗೂ ಅರೆದು ಉಳಿದ ಪುಡಿಯನ್ನು ನೇರವಾಗಿ ನದಿಗೇ ಬಿಡುತ್ತಿದ್ದರು. ನೀರು ಎಷ್ಟು ಕೆಟ್ಟಿತ್ತೆಂದರೆ, 1902ರಲ್ಲೇ ಡುರಾಂಗೋ ಪಟ್ಟಣ ಆನಿಮಸ್ ನದಿಯನ್ನು ಬಿಟ್ಟು ಪಕ್ಕದ ಫ್ಲೋರಿಡಾ ಎಂಬ ಹೊಳೆಯಿಂದ ಕುಡಿಯುವ ನೀರು ತರತೊಡಗಿತು. 2015ರಲ್ಲಿ ನದಿ ಕೆಟ್ಟಿತು ಎಂದು ಬರೆದವರು ಈ ಒಂದು ಸಂಗತಿಯನ್ನು ನೋಡಿದ್ದರೆ ಚೆನ್ನಾಗಿತ್ತು.

ಬಿರಡೆ ಹಾಕಿದರೆ ನೀರು ಎಲ್ಲಿಗೆ ಹೋಗುತ್ತದೆ?

ಗೋಲ್ಡ್ ಕಿಂಗ್‌ನ ಕಥೆ ಗೋಲ್ಡ್ ಕಿಂಗ್‌ನಲ್ಲಿ ಮುಗಿಯುವುದಿಲ್ಲ. ಅದರ ನೆರೆಯಲ್ಲಿ ಸನ್ನಿಸೈಡ್ ಎಂಬ ಇನ್ನೂ ದೊಡ್ಡ ಗಣಿಯಿತ್ತು. ಗ್ಲ್ಯಾಡ್‌ಸ್ಟನ್ ಎಂಬ ಹಳೆಯ ಗಣಿ ವಸತಿಯ ಜಾಗದಿಂದ ಬೆಟ್ಟದೊಳಕ್ಕೆ ಕೊರೆದಿದ್ದ ಅಮೆರಿಕನ್ ಟನಲ್ ಎಂಬ ಸುರಂಗವನ್ನು 1959ರ ನಂತರ ಉದ್ದ ಮಾಡಿ ಸನ್ನಿಸೈಡ್‌ನ ಬುಡಕ್ಕೆ ತಲುಪಿಸಿದರು. ಅದು 3 ಕಿಲೋಮೀಟರಿಗೂ ಉದ್ದವಾಯಿತು. ಗೋಲ್ಡ್ ಕಿಂಗ್‌ನ ಮುಖ್ಯ ಸುರಂಗಕ್ಕಿಂತ ನೂರಾರು ಅಡಿ ಕೆಳಗಿದ್ದ ಈ ಹೊಸ ಹಾದಿ ಅದಿರಿಗಷ್ಟೇ ದಾರಿಯಾಗಲಿಲ್ಲ. ಸುತ್ತಲಿನ ಬೆಟ್ಟದ ಅಂತರ್ಜಲವೆಲ್ಲ ಅದರತ್ತ ಇಳಿಯಿತು, ನಿಮಿಷಕ್ಕೆ ಸಾವಿರಾರು ಲೀಟರ್ ಅದರ ಬಾಯಿಂದ ಹೊರಬಂದಿತು. ಮೇಲಿದ್ದ ಗೋಲ್ಡ್ ಕಿಂಗ್ ಬಹುತೇಕ ಒಣಗಿತು. ಆಗ ಅದನ್ನು ನೋಡಿದವರಿಗೆ ನೀರಿನ ತೊಂದರೆಯೇ ಇಲ್ಲದ ಗಣಿಯಂತೆ ಕಂಡಿರಬೇಕು.

ಬೆಟ್ಟದ ನೀರು ಎಷ್ಟು ಹತ್ತಿರದಲ್ಲಿದೆ ಎಂಬ ಎಚ್ಚರಿಕೆ ಸನ್ನಿಸೈಡ್‌ಗೆ ಒಮ್ಮೆ ಸಿಕ್ಕಿತ್ತು. 1978ರ ಜೂನ್ 4ರಂದು, ಗಣಿಯ ಮೇಲೆಯೇ ಇದ್ದ ಲೇಕ್ ಎಮ್ಮಾ ಎಂಬ ಕೆರೆಯ ತಳ ಒಡೆದು ಕೆರೆ ಇಡಿಯಾಗಿ ಗಣಿಯೊಳಗೆ ಇಳಿಯಿತು. ಅದಿರು ತೆಗೆಯುತ್ತ ಕೆಳಗಿನಿಂದ ಕೆರೆಯ ತಳಕ್ಕೆ ತೀರ ಹತ್ತಿರ ಹೋಗಿಬಿಟ್ಟಿದ್ದರು. ನೀರು, ಕೆಸರು, ಯಂತ್ರ, ಮರದ ತೊಲೆ ಎಲ್ಲ ಅಮೆರಿಕನ್ ಟನಲ್ ಮೂಲಕ ಹೊರಗೆ ಸಿಡಿದವು. ಅಂದು ಭಾನುವಾರ, ಒಳಗೆ ಯಾರೂ ಇರಲಿಲ್ಲ. ವಾರದ ಬೇರೆ ದಿನವಾಗಿದ್ದರೆ ನೂರಕ್ಕೂ ಹೆಚ್ಚು ಕಾರ್ಮಿಕರು ಕೆಳಗಿರುತ್ತಿದ್ದರು. ಆಳದ ಒತ್ತಡಕ್ಕೆ ಬಂಡೆಯೇ ಸಿಡಿಯುವ ರಾಕ್‌ಬರ್ಸ್ಟ್‌ಗಳಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡ ಕೆಜಿಎಫ್‌ನ ಮನೆಗಳಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.

ಸನ್ನಿಸೈಡ್ 1991ರಲ್ಲಿ ಮುಚ್ಚಿತು. ಅಮೆರಿಕನ್ ಟನಲ್‌ನಿಂದ ಬರುವ ನೀರನ್ನು ಸುಣ್ಣ ಹಾಕಿ ಶುದ್ಧಮಾಡುವ ಹೊಣೆ ಕಂಪನಿಯದಾಗಿತ್ತು. ಸುಣ್ಣ ಬೆರೆಸಿದರೆ ಹುಳಿ ಇಳಿಯುತ್ತದೆ, ಲೋಹಗಳು ಬಗ್ಗಡವಾಗಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರನ್ನು ತೊರೆಗೆ ಬಿಡಬಹುದು. ವಿಧಾನ ಸರಳವಾದರೂ ಅದಕ್ಕೆ ಕೊನೆಯೆಂಬುದಿಲ್ಲ. ನೀರು ಬರುವವರೆಗೆ ಸುಣ್ಣ ಹಾಕುತ್ತಲೇ ಇರಬೇಕು, ಬಗ್ಗಡ ತೆಗೆದು ಎಲ್ಲಾದರೂ ಸುರಿಯುತ್ತಲೇ ಇರಬೇಕು. ಯಾವ ಕಂಪನಿಯೂ ಕೊನೆಯಿಲ್ಲದ ಖರ್ಚನ್ನು ಒಪ್ಪುವುದಿಲ್ಲ. 1996ರಲ್ಲಿ ಕೊಲರಾಡೊ ಸರ್ಕಾರದೊಂದಿಗೆ ಒಪ್ಪಂದವಾಗಿ, ಸುರಂಗಕ್ಕೆ ಕಾಂಕ್ರೀಟಿನ ದಪ್ಪ ಬಿರಡೆ ಹಾಕಲಾಯಿತು. ಮುಂದಿನ ವರ್ಷಗಳಲ್ಲಿ ಇನ್ನೂ ಎರಡನ್ನು ಕಟ್ಟಿದರು.

ಬಿರಡೆಯ ಹಿಂದಿನ ವಿಜ್ಞಾನದಲ್ಲಿ ತಪ್ಪಿಲ್ಲ. ಆಮ್ಲ ಹುಟ್ಟಲು ಆಮ್ಲಜನಕ ಬೇಕು. ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕವೇ. ನೀರಿನಲ್ಲಿ ಕರಗಿರುವುದು ಲೀಟರಿಗೆ ಹತ್ತು ಮಿಲಿಗ್ರಾಂ ಆಸುಪಾಸು ಮಾತ್ರ. ಗಣಿ ಪೂರ್ತಿ ಮುಳುಗಿಬಿಟ್ಟರೆ ಪೈರೈಟಿಗೆ ಗಾಳಿ ತಪ್ಪುತ್ತದೆ, ಹೊಸ ಆಮ್ಲ ಹುಟ್ಟುವುದು ಬಹಳ ಕಡಿಮೆಯಾಗುತ್ತದೆ. ಆದರೆ ಮುಳುಗುವ ಹೊತ್ತಿನಲ್ಲಿ ಒಂದು ಅಪಾಯವಿದೆ. ವರ್ಷಗಟ್ಟಲೆ ಒಣಗಿದ್ದ ಗೋಡೆಗಳ ಮೇಲೆ ಲೋಹದ ಲವಣಗಳು ಬಿಳಿ, ಹಳದಿ ಹೊಪ್ಪಳೆಗಳಾಗಿ ಕಟ್ಟಿರುತ್ತವೆ. ನೀರು ಏರಿದಂತೆ ಅವೆಲ್ಲ ಒಮ್ಮೆಲೇ ಕರಗುತ್ತವೆ. ಹೀಗಾಗಿ ಮೊದಲು ತುಂಬುವ ನೀರೇ ಎಲ್ಲಕ್ಕಿಂತ ಕೆಟ್ಟದ್ದು. ಇನ್ನೊಂದು ಷರತ್ತು ಇದಕ್ಕಿಂತ ಕಠಿಣ. ಬೆಟ್ಟಕ್ಕೆ ಬೇರೆ ತೂತುಗಳಿರಬಾರದು.

ಈ ಬೆಟ್ಟದಲ್ಲಿ ಎಲ್ಲೆಲ್ಲೂ ತೂತುಗಳೇ. ಬಿರಡೆ ಹಾಕಿದ ಮೇಲೆ ಒಳಗಿನ ನೀರಿನ ಮಟ್ಟ ಏರಿತು. ಗ್ಲ್ಯಾಡ್‌ಸ್ಟನ್‌ನ ಶುದ್ಧೀಕರಣ ಘಟಕ ಬೇರೊಬ್ಬರ ಕೈಗೆ ಹೋಗಿ 2004ರ ಹೊತ್ತಿಗೆ ನಿಂತೇಹೋಯಿತು. ಅದೇ ವರ್ಷಗಳಲ್ಲಿ, ಒಣಗಿದ್ದ ಗೋಲ್ಡ್ ಕಿಂಗ್‌ನಿಂದಲೂ ಪಕ್ಕದ ರೆಡ್ ಆ್ಯಂಡ್ ಬೊನಿಟಾ ಗಣಿಯಿಂದಲೂ ಹುಳಿ ನೀರು ಜೋರಾಗಿ ಹರಿಯತೊಡಗಿತು. ಸಿಲ್ವರ್ಟನ್‌ನ ಕೆಳಗೆ ಆನಿಮಸ್‌ನಲ್ಲಿ ಟ್ರೌಟ್ ಮೀನುಗಳ ಸಂಖ್ಯೆ ಕುಸಿಯಿತು. ಈ ನೀರು ಸನ್ನಿಸೈಡ್‌ನಿಂದ ಬಂದದ್ದೇ, ಅಥವಾ ಸುರಂಗ ಕೊರೆಯುವ ಮೊದಲಿದ್ದ ಅಂತರ್ಜಲ ಮಟ್ಟ ತನ್ನ ಜಾಗಕ್ಕೆ ಮರಳಿದ್ದೇ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಸನ್ನಿಸೈಡ್ ಕಂಪನಿ ಹೊಣೆ ತನ್ನದಲ್ಲವೆಂದೇ ಹೇಳುತ್ತ ಬಂದಿತು. ನನಗೆ ಈ ವಾದದಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಕಾಗದಪತ್ರಗಳಲ್ಲಿ ಇವು ಬೇರೆ ಬೇರೆ ಒಡೆಯರ ಬೇರೆ ಬೇರೆ ಗಣಿಗಳು, ಪ್ರತಿಯೊಂದಕ್ಕೂ ಒಂದೊಂದು ಪರವಾನಗಿ, ಒಂದೊಂದು ಒಪ್ಪಂದ. ನೀರು ಬಿರುಕು, ಸುರಂಗ, ಅದಿರು ತೆಗೆದ ಪೊಳ್ಳು ಎಲ್ಲವನ್ನೂ ಸೇರಿಸಿಕೊಂಡು ಒಂದೇ ಬೆಟ್ಟದಲ್ಲಿ ಹರಿಯುತ್ತದೆ. ಒಂದು ಸುರಂಗದ ಲೆಕ್ಕ ಮುಗಿಸಿದಾಗ ಇಡೀ ಬೆಟ್ಟದ ಲೆಕ್ಕ ಇಟ್ಟವರು ಯಾರೂ ಇರಲಿಲ್ಲ.

ಆ ಬೆಳಿಗ್ಗೆ ಆದದ್ದು

ಗೋಲ್ಡ್ ಕಿಂಗ್‌ನ ಏಳನೇ ಲೆವೆಲ್‌ನ ಬಾಯಿ ಮಣ್ಣುಕಲ್ಲು ಕುಸಿದು ಮುಚ್ಚಿಹೋಗಿತ್ತು. ಆ ರಾಶಿಯ ನಡುವೆ ನೀರು ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ನೀರು ಸೋರುತ್ತಿದೆಯಲ್ಲ, ಹಾಗಾದರೆ ಒಳಗೆ ಪೂರ್ತಿ ತುಂಬಿರಲಾರದು, ಸುರಂಗದ ಅರ್ಧ ಎತ್ತರಕ್ಕೆ ಇರಬಹುದು ಎಂದು ತಂಡ ಅಂದಾಜು ಮಾಡಿತು. ವಾಸ್ತವದಲ್ಲಿ ಕುಸಿದ ಮಣ್ಣೇ ಅಣೆಕಟ್ಟಾಗಿತ್ತು. ಅದರ ಹಿಂದೆ ನೀರು ಸುರಂಗದ ಚಾವಣಿಗಿಂತಲೂ ಮೇಲಕ್ಕೆ ನಿಂತು ಒತ್ತುತ್ತಿತ್ತು. ಮೇಲಿನಿಂದ ಸಣ್ಣ ರಂಧ್ರ ಕೊರೆದು ಒತ್ತಡ ಅಳೆಯಬಹುದಿತ್ತು. ಪಕ್ಕದ ರೆಡ್ ಆ್ಯಂಡ್ ಬೊನಿಟಾದಲ್ಲಿ ಹಾಗೆ ಮಾಡಿದ್ದರು. ಇಲ್ಲಿ ಮಾಡಲಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ, ಅಣೆಕಟ್ಟು ಮತ್ತು ನೀರಾವರಿ ನೋಡಿಕೊಳ್ಳುವ ಅಮೆರಿಕ ಸರ್ಕಾರದ ಇಲಾಖೆ ಬ್ಯೂರೋ ಆಫ್ ರಿಕ್ಲಮೇಶನ್‌ನ ತಾಂತ್ರಿಕ ವರದಿ ಇದನ್ನು ಸ್ಪಷ್ಟವಾಗಿ ಹೇಳಿತು. ಬಾಯಿಯ ಮೇಲ್ಭಾಗದ ಮಣ್ಣು ತೆಗೆಯುತ್ತಿದ್ದಾಗ ಒಂದು ಚಿಲುಮೆ ಚಿಮ್ಮಿತು, ನೋಡನೋಡುತ್ತಿದ್ದಂತೆ ಅದು ಪ್ರವಾಹವಾಯಿತು.

ಹರಿದದ್ದು ಗಣಿಯೊಳಗಿನ ನೀರು ಮಾತ್ರವಲ್ಲ. ಬಾಯಿಯ ಮುಂದೆ ಸುರಿದಿದ್ದ ಕಲ್ಲುಮಣ್ಣಿನ ರಾಶಿಯನ್ನೂ, ತೊರೆಯ ತಳದಲ್ಲಿ ದಶಕಗಳಿಂದ ಕೂತಿದ್ದ ಬಗ್ಗಡವನ್ನೂ ಪ್ರವಾಹ ಕೆದಕಿ ಹೊತ್ತೊಯ್ದಿತು. ನದಿ ಸೇರಿದ ಲೋಹಗಳಲ್ಲಿ ದೊಡ್ಡ ಪಾಲು ಹೀಗೆ ದಾರಿಯಲ್ಲಿ ಸಿಕ್ಕದ್ದೇ. ಆ ಲೋಹಗಳ ಒಟ್ಟು ಪ್ರಮಾಣ, ವಸಂತದಲ್ಲಿ ಹಿಮ ಕರಗಿ ಹೊಳೆ ಉಕ್ಕುವಾಗ ಒಂದೆರಡು ದಿನಗಳಲ್ಲಿ ಹರಿದುಹೋಗುವಷ್ಟು ಎಂದು ಇಪಿಎ ಆಮೇಲೆ ಲೆಕ್ಕ ಕೊಟ್ಟಿತು. ಇದನ್ನು ಓದಿ ಕೆಲವರು, ಹಾಗಾದರೆ ಗಾಬರಿಯಾಗುವಂಥದ್ದೇನೂ ಇಲ್ಲ ಎಂದುಕೊಂಡರು. ನಾನು ಅದನ್ನು ತಿರುಗಿಸಿ ಓದುತ್ತೇನೆ. ಸುದ್ದಿಯಾಗದ ಎಷ್ಟೋ ವಸಂತಗಳಲ್ಲಿ ಅಷ್ಟೇ ಲೋಹ ಸದ್ದಿಲ್ಲದೆ ಹರಿದುಹೋಗಿದೆ. ಆ ಪ್ರದೇಶದ ಗಣಿಗಳಿಂದ ದಿನವೊಂದಕ್ಕೆ ಹೊರಬರುವ ಕೆಟ್ಟ ನೀರು ಸುಮಾರು 2 ಕೋಟಿ ಲೀಟರ್ ಎಂಬುದು ಇಪಿಎಯದೇ ಅಂದಾಜು. ಅಂದು ಒಡೆದು ಬಂದದ್ದಕ್ಕಿಂತ ಅದು ಹೆಚ್ಚು.

ಡುರಾಂಗೋ ಬಳಿ ಪಂಜರದಲ್ಲಿ ಬಿಟ್ಟು ನೋಡಿದ ಟ್ರೌಟ್ ಮರಿಗಳು ಬಹುತೇಕ ಬದುಕಿದವು. ಸತ್ತ ಮೀನುಗಳ ರಾಶಿ ಎಲ್ಲೂ ತೇಲಲಿಲ್ಲ. ಹಾನಿಯ ಭಾರ ಬಿದ್ದದ್ದು ಬಹಳ ಕೆಳಗೆ, ಆ ಚಿನ್ನದಿಂದ ಒಂದು ಕಾಸೂ ಪಡೆಯದ ಜನರ ಮೇಲೆ. ನವಾಹೋ ನಾಡಿನ ಶಿಪ್‌ರಾಕ್ ಸುತ್ತಲಿನ ರೈತರು, ಆನಿಮಸ್ ಹೋಗಿ ಸೇರುವ ಸ್ಯಾನ್ ಹುವಾನ್ ನದಿಯ ಕಾಲುವೆಗಳನ್ನು ಮುಚ್ಚಿದರು. ಆಗಸ್ಟ್ ತಿಂಗಳು, ಮೆಕ್ಕೆಜೋಳದ ತೆನೆ ಬಲಿಯುವ ಹೊತ್ತು. ನೀರು ಸುರಕ್ಷಿತ ಎಂದು ಅಧಿಕಾರಿಗಳು ಹೇಳಿದ ಮೇಲೂ ಅವರಲ್ಲಿ ಹಲವರು ತಿಂಗಳುಗಟ್ಟಲೆ ಕಾಲುವೆ ತೆರೆಯಲಿಲ್ಲ. ಅವರಿಗೆ ಮೆಕ್ಕೆಜೋಳದ ಪರಾಗ ಪ್ರಾರ್ಥನೆಗೆ ಬೇಕಾದ ವಸ್ತು, ನದಿ ಪೂಜ್ಯ. ಅಂಥವರಿಗೆ ಪ್ರಯೋಗಾಲಯದ ಒಂದು ಚೀಟಿ ಸಾಲದೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಪರಿಹಾರ ಸಿಗಲು ಏಳು ವರ್ಷ ಹಿಡಿಯಿತು. 2022ರಲ್ಲಿ ಅಮೆರಿಕ ಸರ್ಕಾರ ನವಾಹೋ ನೇಶನ್‌ಗೆ 3.1 ಕೋಟಿ ಡಾಲರ್, ನ್ಯೂ ಮೆಕ್ಸಿಕೊಗೆ 3.2 ಕೋಟಿ ಡಾಲರ್ ಕೊಡಲು ಒಪ್ಪಿತು. ಸನ್ನಿಸೈಡ್ ಕಂಪನಿ ಮತ್ತು ಅದರ ಒಡೆಯ ಕಂಪನಿ ಕಿನ್‌ರಾಸ್ ಕೂಡ ಬೇರೆಯಾಗಿ ಹಣ ಕೊಟ್ಟವು. ಹೊಣೆ ತಮ್ಮದೆಂದು ಒಪ್ಪಿಕೊಂಡು ಕೊಟ್ಟದ್ದಲ್ಲ.

ಮುಟ್ಟಿದವನೇ ಹೊಣೆ

ಇಷ್ಟು ಕೆಟ್ಟ ನೀರು ಇಷ್ಟು ವರ್ಷ ಹರಿಯುತ್ತಿದ್ದರೂ ಯಾರೂ ಸರಿಪಡಿಸಲಿಲ್ಲವೇಕೆ? ಸ್ಥಳೀಯರು ಕೈಕಟ್ಟಿ ಕೂತಿರಲಿಲ್ಲ. 1994ರಲ್ಲಿ ಊರಿನವರು, ಗಣಿಯವರು, ವಿಜ್ಞಾನಿಗಳು ಸೇರಿ ಆನಿಮಸ್ ನದಿಗಾಗಿ ಒಂದು ಗುಂಪು ಕಟ್ಟಿಕೊಂಡು, ಕಲ್ಲುಮಣ್ಣಿನ ರಾಶಿಗಳನ್ನು ತೊರೆಯಿಂದ ದೂರ ಸರಿಸುವಂಥ ಎಷ್ಟೋ ಕೆಲಸಗಳನ್ನು ಮಾಡಿದರು. ಸುರಂಗದಿಂದ ಹರಿಯುವ ನೀರಿಗೆ ಮಾತ್ರ ಕೈಹಾಕಲು ಹೆದರಿದರು. ಅಮೆರಿಕದ ಶುದ್ಧ ಜಲ ಕಾಯ್ದೆಯ ಪ್ರಕಾರ ಸುರಂಗದ ಬಾಯಿಯ ನೀರನ್ನು ಯಾರು ಮುಟ್ಟಿ ತಿರುಗಿಸುತ್ತಾರೋ, ಅದು ಪೂರ್ತಿ ಶುದ್ಧವಾಗುವವರೆಗೆ ಅವರೇ ಕಾಯಂ ಹೊಣೆಗಾರರಾಗುವ ಅಪಾಯವಿತ್ತು. ಗಣಿ ತೋಡಿದವರು ಸತ್ತು ನೂರು ವರ್ಷವಾಗಿದೆ, ಅವರ ಕಂಪನಿಗಳು ಕರಗಿಹೋಗಿವೆ. ಸಹಾಯಕ್ಕೆ ಬಂದವರ ಮೇಲೆ ಮೊಕದ್ದಮೆ ಬೀಳಬಹುದು.

ಸೂಪರ್‌ಫಂಡ್ ಎಂಬ ಕೇಂದ್ರ ಸರ್ಕಾರದ ಶುದ್ಧೀಕರಣ ಯೋಜನೆಗೆ ಸೇರಿಸುವ ಮಾತು ಬಂದಾಗಲೆಲ್ಲ ಸಿಲ್ವರ್ಟನ್ ಬೇಡವೆಂದಿತ್ತು. ಗಣಿ ಹೋದ ಮೇಲೆ ಆ ಊರು ಬದುಕುತ್ತಿರುವುದು ಪ್ರವಾಸಿಗರಿಂದ. ಡುರಾಂಗೋದಿಂದ ಹಳೆಯ ಉಗಿಬಂಡಿ ಹತ್ತಿ ಬರುವ ಜನ, ವಿಷದ ಊರು ಎಂಬ ಹೆಸರು ಕೇಳಿದರೆ ಬರುವುದನ್ನೇ ಬಿಟ್ಟಾರು ಎಂಬ ಭಯ ಅವರದು. ಆ ಭಯ ಸುಳ್ಳಲ್ಲ, ಅದನ್ನು ಹಗುರವಾಗಿ ನೋಡುವುದು ಸರಿಯಲ್ಲ. 2015ರ ನಂತರ ಊರು ಮನಸ್ಸು ಬದಲಿಸಿತು. 2016ರ ಸೆಪ್ಟೆಂಬರಿನಲ್ಲಿ ಬೊನಿಟಾ ಪೀಕ್ ಗಣಿ ಪ್ರದೇಶ ಎಂಬ ಹೆಸರಿನಲ್ಲಿ 48 ಜಾಗಗಳು ಒಟ್ಟಾಗಿ ಸೂಪರ್‌ಫಂಡ್ ಪಟ್ಟಿಗೆ ಸೇರಿದವು. ಒಂದೊಂದೇ ಗಣಿಯನ್ನು ನೋಡುವ ಬದಲು ಬೆಟ್ಟವನ್ನೇ ಒಂದಾಗಿ ನೋಡುವ ಕೆಲಸ ಆಗ ಶುರುವಾಯಿತು.

ಗ್ಲ್ಯಾಡ್‌ಸ್ಟನ್‌ನಲ್ಲಿ 2015ರ ಅಕ್ಟೋಬರಿನಿಂದ ಹೊಸ ಶುದ್ಧೀಕರಣ ಘಟಕ ನಡೆಯುತ್ತಿದೆ. ಗೋಲ್ಡ್ ಕಿಂಗ್‌ನ ನೀರಿಗೆ ಮತ್ತೆ ಅದೇ ಸುಣ್ಣ. ಬಗ್ಗಡದ ರಾಶಿ ವರ್ಷ ವರ್ಷ ಬೆಳೆಯುತ್ತದೆ. ಹಿಮಪಾತದ ಆ ಇಕ್ಕಟ್ಟಿನ ಕಣಿವೆಯಲ್ಲಿ ಅದನ್ನು ಇಡಲು ಜಾಗ ಹುಡುಕುವುದೇ ಒಂದು ದೊಡ್ಡ ಕೆಲಸವಾಗಿದೆ. 2022ರ ಜನವರಿಯಲ್ಲಿ ಕಂಪನಿ ಮತ್ತು ಸರ್ಕಾರ ಸೇರಿ ಆ ಪ್ರದೇಶಕ್ಕೆ ಸುಮಾರು 9 ಕೋಟಿ ಡಾಲರ್ ತೆಗೆದಿಡುವ ಒಪ್ಪಂದ ಮಾಡಿಕೊಂಡವು. ಕೊನೆಯಿಲ್ಲದ ಸುಣ್ಣದ ಲೆಕ್ಕಕ್ಕೆ ಅದು ಎಷ್ಟು ದಶಕ ಸಾಲುತ್ತದೆ ಎಂಬುದು ಬೆಟ್ಟದೊಳಗಿನ ನೀರಿನ ಹಾದಿಗಳನ್ನು ಎಷ್ಟು ಚೆನ್ನಾಗಿ ಅರಿಯುತ್ತಾರೆ ಎಂಬುದರ ಮೇಲಿದೆ. ಹೊಸ ಬಿರಡೆ ಹಾಕುವ ಮುನ್ನ ನೀರು ಮುಂದೆ ಎಲ್ಲಿ ಏಳುತ್ತದೆ ಎಂದು ನೋಡುವ ಎಚ್ಚರ ಈಗ ಬಂದಿದೆ. ರೆಡ್ ಆ್ಯಂಡ್ ಬೊನಿಟಾದಲ್ಲಿ ಕಟ್ಟಿದ ಬಿರಡೆಗೆ ಕವಾಟ ಇಟ್ಟಿದ್ದಾರೆ. ಅದನ್ನು ಸ್ವಲ್ಪ ಕಾಲ ಮುಚ್ಚಿ, ಸುತ್ತಲಿನ ಸುರಂಗಗಳಲ್ಲೂ ಒರತೆಗಳಲ್ಲೂ ನೀರು ಎಷ್ಟು ಏರಿತೆಂದು ಅಳೆದು, ಮತ್ತೆ ತೆರೆಯಬಹುದು.

ಸಹಾಯಕ್ಕೆ ಬಂದವರನ್ನೇ ಹಿಡಿಯುವ ಕಾನೂನಿಗೂ 2024ರ ಡಿಸೆಂಬರಿನಲ್ಲಿ ಒಂದು ತಿದ್ದುಪಡಿ ಬಂತು. ಗಣಿಯೊಂದಿಗೆ ಹಿಂದೆ ಯಾವ ಸಂಬಂಧವೂ ಇಲ್ಲದ ಸಂಘಸಂಸ್ಥೆಗಳು ಪರವಾನಗಿ ಪಡೆದು ಹಳೆಯ ಗಣಿಗಳನ್ನು ಶುದ್ಧಮಾಡಲು ಮುಂದೆ ಬಂದರೆ ಅವರಿಗೆ ಕಾಯಂ ಹೊಣೆ ಅಂಟುವುದಿಲ್ಲ. ಸದ್ಯಕ್ಕೆ ಇದು ಪ್ರಾಯೋಗಿಕ ಏರ್ಪಾಟು: ಏಳು ವರ್ಷ, ಹೆಚ್ಚೆಂದರೆ 15 ಪರವಾನಗಿ, ಅದೂ ಅಪಾಯ ಕಡಿಮೆಯಿರುವ ಜಾಗಗಳಿಗೆ. ಅಮೆರಿಕದ ಸರ್ಕಾರಿ ನೆಲದಲ್ಲಿ ಬಿಟ್ಟುಹೋದ ಗಣಿಗಳ ಸುರಂಗ, ಗುಂಡಿ, ರಾಶಿಗಳು ಕನಿಷ್ಠ 1,40,000 ಇವೆ ಎಂದು ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ 2020ರಲ್ಲಿ ಎಣಿಸಿತ್ತು. ಗೋಲ್ಡ್ ಕಿಂಗ್‌ನಂತೆ ಒಳಗೆ ಒತ್ತಡದ ನೀರು ತುಂಬಿದ ಗಣಿಗಳು ಈ 15ರೊಳಗೆ ಬರುವುದು ಕಷ್ಟ. ಅವುಗಳ ಹೊಣೆ ಸರ್ಕಾರದ ಮೇಲೇ ಉಳಿದಿದೆ.